ಕಡ ತಂದ ಕೆಂಡ

ರೊಟ್ಟಿಯ ಹಿಟ್ಟು ನಾದಿಟ್ಟು, ಹಂಚು ಕಾಯುವವರೆಗೆ ನಾಲ್ಕು ಸಾಲು ಬರೆಯುತ್ತೇನೆ. ಉಳಿದದ್ದು ಅತ್ತೆಗೆ ಉಣಿಸಿದ ಮೇಲೆ. ಈ ಪುಸ್ತಕ ನನ್ನ ಮಗ ಅಡಿವೆಪ್ಪ ಶಾಲೆಗೆ ಹೋಗುತ್ತಿದ್ದಾಗಿನದು. ಮೊದಲ ಅರ್ಧದಲ್ಲಿ ಅವನ ಮಗ್ಗಿ ಇದೆ, ಹದಿಮೂರರ ಮಗ್ಗಿಯ ನಡುವೆ ನಿಂತುಹೋಗಿದೆ. ಅಲ್ಲಿಂದ ಮುಂದೆ ನಾನು ಬರೆಯುತ್ತಿದ್ದೇನೆ. ಯುದ್ಧ ಯಾವ ದಿನ ಮುಗಿಯಿತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ರೇಡಿಯೊದ ಪ್ರಕಾರ ಅದು ನಾಲ್ಕು ಸಲ ಮುಗಿಯಿತು. ಒಲೆಗಳ ಪ್ರಕಾರ ನಮ್ಮ ಓಣಿಯ ಕೆಲವು ಮನೆಗಳಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಊರಿನಲ್ಲಿ ದೂರ ಹೋಗುವವರು ಹೊರಡುವ ದಿನ ಬೆಳಿಗ್ಗೆ ಮನೆಯ ಒಲೆಯನ್ನು ತಮ್ಮ ಕೈಯಾರೆ ಹಚ್ಚಿ ಹೋಗುತ್ತಾರೆ. ಆಮೇಲೆ ಆ ಬೆಂಕಿಯ ಹೊಗೆ ಅವರಿರುವ ದಿಕ್ಕಿಗೆ ವಾಲುತ್ತದೆ. ಗಾಳಿ ಎತ್ತ ಬೀಸಿದರೂ ಅದು ಕೇಳುವುದಿಲ್ಲ. ಅವರು ಊರಿಂದೂರಿಗೆ ಹೋದರೆ ಹೊಗೆಯೂ ಹೊರಳುತ್ತದೆ. ಹಾಗಾಗಿ ನಾವು ಬೆಂಕಿಯನ್ನು ಆರಗೊಡುವುದಿಲ್ಲ. ಅಡುಗೆ ಮುಗಿದ ಮೇಲೆ ಕೆಂಡದ ಮೇಲೆ ಬೂದಿ ಮುಚ್ಚಿ ಕಾಪಾಡುತ್ತೇವೆ, ಮರುದಿನ ಊದಿ ಎಬ್ಬಿಸುತ್ತೇವೆ. ಒಮ್ಮೆ ಆರಿತೆಂದರೆ ಮುಗಿಯಿತು, ಮತ್ತೆ ಹಚ್ಚಿದ್ದು ಬರೀ ಬೆಂಕಿ. ಮನೆಯವರು ಹೊರಗಿರುವಾಗ ಒಲೆ ಆರಿಸಿದ ಹೆಣ್ಣಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ.

ಇದರಿಂದ ತೊಂದರೆಗಳೂ ಇವೆ. ಯಾವ ಮನೆಯ ಹೊಗೆ ಯಾರ ಅಂಗಳಕ್ಕೆ ಬಂತೆಂದು ದಿನವೂ ಜಗಳ. ಹಾಗಾಗಿ ಬಟ್ಟೆ ಒಣಹಾಕುವ ಹಗ್ಗವನ್ನು ನಾವು ಗೂಟಕ್ಕೆ ಗಟ್ಟಿಯಾಗಿ ಕಟ್ಟುವುದಿಲ್ಲ, ಕೊಕ್ಕೆಗೆ ಸಿಕ್ಕಿಸುತ್ತೇವೆ. ಯಾರೂ ಹೊರಗೆ ಹೋಗದ ಮನೆಯವರು ಬೆಂಕಿ ಆರಿದರೆ ಕೆಂಡ ಕಡ ತರುತ್ತಾರೆ. ಅವರ ಹೊಗೆ ಎತ್ತ ಹೋದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಇನ್ನು ಹೊಗೆ ನೆಟ್ಟಗೆ ನಿಲ್ಲುವುದು. ಅದಕ್ಕೆ ಎರಡು ಕಾರಣ. ಹೋದವರು ಮನೆಯ ಕಡೆ ಮುಖ ಮಾಡಿದರೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಹೋದವರು ತೀರಿಕೊಂಡರೂ ಹಾಗೆಯೇ ಹೋಗುತ್ತದೆ. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಗ ಹೊಸ್ತಿಲ ಬಳಿ ಒಂದು ಕೊಡ ಕಾಲ್ನೀರು ಇಟ್ಟು ಒಂಬತ್ತು ದಿನ ಕಾಯುತ್ತೇವೆ. ಬಂದವರು ಆ ನೀರಿನಲ್ಲಿ ಕಾಲು ತೊಳೆದು ಒಳಗೆ ಬರುತ್ತಾರೆ. ಬರದಿದ್ದರೆ ಒಂಬತ್ತನೆಯ ದಿನ ಸಂಜೆ ಅದೇ ನೀರನ್ನು ಒಲೆಗೆ ಸುರಿಯುತ್ತೇವೆ. ಆ ಒಂಬತ್ತು ದಿನ ಆ ಮನೆಯವರನ್ನು ಯಾರೂ ಏನೂ ಕೇಳುವುದಿಲ್ಲ.

ಅಡಿವೆಪ್ಪ ಹೋದದ್ದು ನಾಲ್ಕು ವರ್ಷದ ಹಿಂದೆ. ಆಗ ಅವನಿಗೆ ಹತ್ತೊಂಬತ್ತು. ಕಟ್ಟಿಗೆ ಹಸಿಯಿತ್ತು. ಊದಿ ಊದಿ ಅವನ ಹುಬ್ಬಿನ ಮೇಲೆಲ್ಲ ಬೂದಿ ಕೂತಿತ್ತು. ನಾನು ಸೆರಗಿನಿಂದ ಒರೆಸಹೋದರೆ ತಲೆ ಹಿಂದೆ ಎಳೆದುಕೊಂಡ.

“ಇರಲಿ ಬಿಡಬೇ, ಅಷ್ಟಾದ್ರೂ ಮನಿದು ಮೈಮ್ಯಾಲೆ ಇರ್ತದ,” ಎಂದ.

ಅವನ ಹೊಗೆ ಮೊದಲ ಎರಡು ವರ್ಷ ಬಡಗಣ ದಿಕ್ಕಿಗೆ, ಕಣಿವೆಯ ಕಡೆಗೆ ವಾಲಿತ್ತು. ಅಡುಗೆಮನೆಯ ಆ ಕಡೆಯ ಗೋಡೆಯ ಮೇಲ್ಗಡೆ ಎಮ್ಮೆಯ ಬೆನ್ನಿನ ಹಾಗೆ ಒಂದು ಕಪ್ಪು ಪಟ್ಟೆ ಮೂಡಿತು. ದೀಪಾವಳಿಗೆ ಎಲ್ಲ ಗೋಡೆಗೂ ಸುಣ್ಣ ಹಚ್ಚಿದೆ, ಅದಕ್ಕೆ ಹಚ್ಚಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ನಾಲ್ಕು ದಿನ ಎಚ್ಚರವೇ ಇರಲಿಲ್ಲ. ಮನೆಯಲ್ಲಿ ಅತ್ತೆ ಒಬ್ಬರೇ. ಅತ್ತೆ ಬೇರೆ ಊರಿನಿಂದ ಬಂದವರು, ಅವರ ತವರಿನಲ್ಲಿ ಹೊಗೆ ಗಾಳಿಯ ಜೊತೆ ಹೋಗುತ್ತದಂತೆ. ಅರವತ್ತು ವರ್ಷ ಇಲ್ಲಿ ಬಾಳಿದರೂ ನಮ್ಮ ಒಲೆಗಳ ಮೇಲೆ ಅವರಿಗೆ ನಂಬಿಕೆ ಬಂದಿಲ್ಲ. ಐದನೆಯ ದಿನ ಎದ್ದು ನೋಡಿದರೆ ಒಲೆ ಉರಿಯುತ್ತಿತ್ತು. ಹೊಗೆ ಮಾತ್ರ ತೆಂಕಣಕ್ಕೆ, ಕಡಲಿನ ಕಡೆಗೆ ಹೊರಳಿತ್ತು.

“ಆರಿತ್ತು,” ಎಂದರು ಅತ್ತೆ, ತಮ್ಮ ಗಂಜಿ ಕುಡಿಯುತ್ತಲೇ. “ಫಕೀರವ್ವ ಹೊಲಕ್ಕ ಹೋದಾಗ ಆಕಿ ಮನಿಯಿಂದ ಎರಡು ಕೆಂಡ ತಂದು ಹಾಕೀನಿ. ಬೆಂಕಿಗೇನು ಕುಲ ಐತೇನು, ಗೋತ್ರ ಐತೇನು. ಉರಿದ್ರ ಸಾಕು.”

ಫಕೀರವ್ವ ನಮ್ಮ ಎದುರು ಮನೆಯವಳು. ಅವಳ ಒಬ್ಬನೇ ಮಗ ಬಾಳಪ್ಪ ತೆಂಕಣ ದಂಡೆಯಲ್ಲಿ ಹಡಗಿನ ದಳದಲ್ಲಿದ್ದ. ಅವಳ ಒಲೆಯ ಕೆಂಡ ನಮ್ಮ ಒಲೆಗೆ ಬಂದಿತ್ತು. ಅಂದಿನಿಂದ ನನ್ನ ಒಲೆಯ ಹೊಗೆ ಅವಳ ಮಗನ ಕಡೆಗೆ ವಾಲಿತ್ತು.

ಅತ್ತೆಗೆ ಏನೂ ಅನ್ನಲಿಲ್ಲ. ಅವರು ನಾಲ್ಕು ದಿನ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದವರು. ಊರಿನವರಿಗೂ ಹೇಳಲಿಲ್ಲ. ಮೊದಲು ನಾಚಿಕೆಯಿಂದ, ಆಮೇಲೆ ಇನ್ನೊಂದು ಕಾರಣದಿಂದ. ಫಕೀರವ್ವ ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತ ತಲೆ ಎತ್ತಿದವಳು ಪೊರಕೆ ಬಿಟ್ಟು ಓಡಿ ಬಂದಳು.

“ಸಾವಂತ್ರಕ್ಕಾ, ನೋಡಿದಿ? ನಿನ್ನ ಮಗನ್ನೂ ನನ್ನ ಮಗನ ದಳಕ್ಕ ಹಾಕ್ಯಾರ. ಜೋಡೆತ್ತು ನಿಂತಂಗ ನಿಂತಾವ ನೋಡ ಹೊಗಿ. ಇನ್ನ ನನಗ ಧೈರ್ಯ. ನನ್ನ ಬಾಳ್ಯಾ ನೀರು ಕಂಡ್ರ ಅಂಜ್ತಾನ. ನಿನ್ನ ಮಗ ಈಸು ಬರೋವ.”

ಆಗಲೇ ಹೇಳಬೇಕಿತ್ತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ನಾನು “ಹೌದವಾ” ಎಂದೆ. ಒಂದು ಸಲ ಹೌದು ಎಂದ ಮೇಲೆ ಎರಡು ವರ್ಷ ಹೌದು ಎನ್ನುತ್ತಲೇ ಇದ್ದೆ. ಕೆಲವು ದಿನ ನನಗೇ ಹಾಗೆ ಅನಿಸುತ್ತಿತ್ತು. ಯಾರಿಗೆ ಗೊತ್ತು, ಅವನನ್ನು ನಿಜವಾಗಿಯೂ ಕಡಲಿಗೆ ಕಳಿಸಿರಬಹುದು. ಪತ್ರ ಬರೆಯುವ ಅಭ್ಯಾಸ ನಮ್ಮ ಊರಿನವರಿಗೆ ಇಲ್ಲ. ಹೊಗೆ ಇರುವಾಗ ಪತ್ರ ಯಾಕೆ?

ಹಂಚು ಕಾದಿದೆ. ಆಮೇಲೆ ಬರೆಯುತ್ತೇನೆ.

ಅತ್ತೆ ಉಂಡು ಮಲಗಿದರು. ರೊಟ್ಟಿಯ ಅಂಚು ಗಟ್ಟಿಯಾಗಿತ್ತು ಎಂದು ಬೈದು ಮಲಗಿದರು. ಅಡಿವೆಪ್ಪನಿಗೆ ಗಟ್ಟಿ ಅಂಚೇ ಇಷ್ಟ, ನನ್ನ ಕೈ ಅದಕ್ಕೇ ಒಗ್ಗಿಹೋಗಿದೆ.

ಕೊನೆಯ ವರ್ಷದ ವಿಷಯಕ್ಕೆ ಬರುತ್ತೇನೆ. ಯುದ್ಧ ಮುಗಿಯುತ್ತ ಬಂತು ಎಂದರು, ಆದರೆ ಮುಗಿಯುತ್ತ ಬಂದಷ್ಟೂ ಅದು ಎಲ್ಲಿದೆ ಎನ್ನುವುದು ತಿಳಿಯದಾಯಿತು. ಶುರುವಿನಲ್ಲಿ ಮೂರು ರಣರಂಗ ಇದ್ದವು: ಬಡಗಣ ಕಣಿವೆ, ಮೂಡಣ ಹೊಳೆ, ತೆಂಕಣ ಕಡಲು. ಊರಿನ ಹೊಗೆಗಳೂ ಮೂರೇ ಕಡೆ ವಾಲುತ್ತಿದ್ದವು. ಹೊಂದಿಕೊಂಡಿದ್ದೆವು. ಆಮೇಲೆ ಬೇಸಿಗೆಯಲ್ಲಿ ನಮ್ಮ ದಂಡು ಹೊಳೆಯನ್ನು ಮೂರು ಕಡೆ ದಾಟಿತು ಎಂದು ರೇಡಿಯೊ ಹೇಳಿತು. ಮರುವಾರ ಎರಡು ಕಡೆ ಹಿಂದಕ್ಕೆ ಬಂತು ಎಂದಿತು. ಕಣಿವೆಯಲ್ಲಿದ್ದವರನ್ನು ಹೊಳೆಗೆ ಕಳಿಸಿದರು, ಹೊಳೆಯಲ್ಲಿದ್ದವರನ್ನು ಯಾವುದೋ ಪಟ್ಟಣದ ಸುತ್ತ ಮುತ್ತಿಗೆಗೆ ಕಳಿಸಿದರು, ಆ ಪಟ್ಟಣದೊಳಗೆ ಇದ್ದವರೂ ನಮ್ಮವರೇ ಎಂದು ಆಮೇಲೆ ಗೊತ್ತಾಯಿತಂತೆ. ಹೊಗೆಗಳು ದನದ ಬಾಲದ ಹಾಗೆ ಅತ್ತಿತ್ತ ಬೀಸತೊಡಗಿದವು. ಹಗ್ಗ ಬದಲಿಸಿ ಬದಲಿಸಿ ನಮ್ಮ ಕೈ ಸೋತವು. ಮೇಲಿನ ಓಣಿಯ ಗಂಗವ್ವನ ಗಂಡನ ಹೊಗೆ ಒಂದೇ ದಿನದಲ್ಲಿ ಸುತ್ತಲೂ ತಿರುಗಿ ಬಂತು.

“ಹಾದಿ ತಪ್ಪ್ಯಾನ,” ಎಂದಳು ಗಂಗವ್ವ. “ಸಂತಿಗೆ ಕಳಿಸಿದ್ರೂ ಹಿಂಗ ಮಾಡ್ತಿದ್ದ. ಯಾರನ್ನರ ಕೇಳಪಾ ಅಂದ್ರ ಕೇಳಂಗಿಲ್ಲ.”

ಆ ಹೊತ್ತಿನಲ್ಲಿ ನಮ್ಮ ಊರಿಗೆ ನಕಾಶೆ ಸಾಹೇಬರು ಬಂದರು. ದಂಡಿನ ಮುಖ್ಯ ಕಚೇರಿಯವರು. ತಮ್ಮ ಪಡೆಗಳು ಎಲ್ಲೆಲ್ಲಿವೆ ಎಂದು ಕಚೇರಿಗೇ ಸರಿಯಾಗಿ ತಿಳಿಯದೆ, ನಮ್ಮ ಒಲೆಗಳ ಸುದ್ದಿ ಕೇಳಿ ಅವರನ್ನು ಕಳಿಸಿದ್ದರು. ಶಾಲೆಯ ಮಾಳಿಗೆಯ ಮೇಲೆ ಮೇಜು ಹಾಕಿ, ದೊಡ್ಡ ನಕಾಶೆ ಹರವಿ, ದಿನವೂ ಬೆಳಿಗ್ಗೆ ನಾವು ಒಲೆ ಊದುವ ಹೊತ್ತಿಗೆ ದುರ್ಬೀನು ಹಿಡಿದು ನಿಲ್ಲುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಗುಂಡುಸೂಜಿ. ಸೌಮ್ಯ ಮನುಷ್ಯ. ನಮ್ಮ ಕಡೆಯ ಖಾರ ತಡೆಯದೆ ದಿನವೂ ಮಜ್ಜಿಗೆ ಕೇಳುತ್ತಿದ್ದರು.

ಒಮ್ಮೆ ಮಜ್ಜಿಗೆ ಕೊಡಲು ಹೋದಾಗ ನನಗೆ ನಕಾಶೆ ತೋರಿಸಿದರು. ಕಡಲ ದಂಡೆಯ ಮೇಲೆ ಎರಡು ಸೂಜಿ ಒಂದಕ್ಕೊಂದು ತಾಗಿ ನಿಂತಿದ್ದವು.

“ಇದು ನಿಮ್ಮ ಮಗ, ಇದು ಎದುರು ಮನೆಯವರ ಮಗ,” ಎಂದರು. “ಎಷ್ಟೋ ಸ್ನೇಹಿತರನ್ನು ನೋಡಿದ್ದೇನೆ ತಾಯಿ. ಒಂದು ಮಾರು ಕೂಡ ಬೇರೆಯಾಗದವರನ್ನು ಇವರಿಬ್ಬರನ್ನೇ ನೋಡಿದ್ದು. ಮೇಲಿನವರಿಗೂ ಬರೆದಿದ್ದೇನೆ.”

ನಾನು ಮಜ್ಜಿಗೆಯ ಚೆಂಬು ತೆಗೆದುಕೊಂಡು ಕೆಳಗೆ ಇಳಿದೆ. ಬಡಗಣ ಕಣಿವೆಯ ಮೇಲೆ ಒಂದೂ ಸೂಜಿ ಇರಲಿಲ್ಲ.

ಯುದ್ಧ ನಾಲ್ಕನೆಯ ಸಲ ಮುಗಿದಾಗ ಸಾಹೇಬರು ಡಂಗುರ ಸಾರಿಸಿದರು. ಎಲ್ಲ ರಣರಂಗಗಳಲ್ಲೂ ಕದನ ನಿಂತಿದೆ. ಆದರೆ ದೂರದ ಕೆಲವು ತುಕಡಿಗಳಿಗೆ ಸುದ್ದಿ ಮುಟ್ಟಿಲ್ಲ, ಅವರು ಇನ್ನೂ ಹೋರಾಡುತ್ತಿದ್ದಾರೆ. ಸೂಜಿ ಇರುವ ಕಡೆಗೆಲ್ಲ ಲಾರಿ ಹೋಗಿ ಸುದ್ದಿ ಮುಟ್ಟಿಸಿ, ಜನರನ್ನು ಹತ್ತಿಸಿಕೊಂಡು ಬರುತ್ತದೆ. ಬಡಗಣ ಮತ್ತು ಮೂಡಣದ ಲಾರಿ ಗುರುವಾರ ಮಧ್ಯಾಹ್ನ ಹೊರಡುತ್ತದೆ. ಅದು ಒಂದೇ ಲಾರಿ, ಮತ್ತೊಂದು ಇಲ್ಲ.

ಅದು ಸೋಮವಾರ. ಮಂಗಳವಾರ ಬೆಳಿಗ್ಗೆ ನಾನು ಒಲೆ ಊದಿದಾಗ ಹೊಗೆ ನೆಟ್ಟಗೆ ನಿಂತಿತು. ಹೊರಗೆ ಬಂದು ನೋಡಿದರೆ ಎದುರಿನ ಮಾಡಿನ ಮೇಲೂ ಹೊಗೆ ಕಂಬದ ಹಾಗೆ ನೆಟ್ಟಗಿತ್ತು. ಫಕೀರವ್ವ ತನ್ನ ಹೊಸ್ತಿಲಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಒಳಗೆ ಹೋಗಿ ಕೊಡ ತಂದು ಹೊಸ್ತಿಲ ಬಳಿ ಇಟ್ಟಳು. ಮತ್ತೆ ಒಳಗೆ ಹೋಗಿ ಇನ್ನೊಂದು ಕೊಡ ತಂದು, ಓಣಿ ದಾಟಿ, ನನ್ನ ಹೊಸ್ತಿಲ ಬಳಿ ಇಟ್ಟಳು. ನನ್ನ ಕೈಕಾಲು ಆಡುತ್ತಿಲ್ಲ ಎಂದುಕೊಂಡಿರಬೇಕು.

“ಇಬ್ಬರೂ ಕೂಡೇ ಹೊಂಟಾರ,” ಎಂದಳು ಮೆಲ್ಲಗೆ. “ಒಂದs ಗಳಿಗಿಗೆ. ಕೂಡೇ ಹೊಂಟವರು ಕೂಡೇ ಬರ್ತಾರ.”

ಆ ದಿನ ಸಾಹೇಬರು ಎರಡೂ ಸೂಜಿ ತೆಗೆದು ಡಬ್ಬಿಗೆ ಹಾಕಿದರು. ನನ್ನ ಮಗನ ಹೆಸರು ಯಾವ ಲಾರಿಯ ಪಟ್ಟಿಯಲ್ಲೂ ಇರಲಿಲ್ಲ. ಇರುವ ಕಾರಣವೂ ಇರಲಿಲ್ಲ, ಅವರ ಲೆಕ್ಕದಲ್ಲಿ ಅವನು ಮನೆಯ ಕಡೆ ಹೊರಟಾಗಿತ್ತಲ್ಲ. ನಾನು ಎರಡು ದಿನ ನೀರು ತಂದೆ, ಕಾಳು ಬೀಸಿದೆ, ಅತ್ತೆಯ ಬೆನ್ನು ತಿಕ್ಕಿದೆ. ಅಡಿವೆಪ್ಪ ಎಲ್ಲಿಯೋ ಒಂದು ಕಡೆ, ಮುಗಿದ ಯುದ್ಧದೊಳಗೆ ಬಂದೂಕು ಹಿಡಿದು ಕೂತಿರಬಹುದು ಎಂದು ಒಂದು ಗಳಿಗೆ ಅನಿಸುತ್ತಿತ್ತು. ಇನ್ನೊಂದು ಗಳಿಗೆ ಎಲ್ಲಿಯೂ ಇಲ್ಲದಿರಬಹುದು ಎನಿಸುತ್ತಿತ್ತು. ಎರಡು ವರ್ಷದಿಂದ ನನಗೆ ಅವನ ಹೊಗೆ ಇಲ್ಲ. ಹೇಳಿದರೆ ಫಕೀರವ್ವನ ಜೋಡೆತ್ತು ಮುರಿಯುತ್ತದೆ, ಅದೂ ಕಾಲ್ನೀರು ಇಟ್ಟ ದಿನಗಳಲ್ಲಿ. ಹೇಳದಿದ್ದರೆ ಲಾರಿ ಹೋಗುತ್ತದೆ. ಸಾಹೇಬರಿಗೆ ಮಾತ್ರ ಹೇಳಿ ಬರೋಣ ಎಂದು ಶಾಲೆಯ ಮೆಟ್ಟಿಲವರೆಗೆ ಹೋಗಿ ಹಿಂದೆ ಬಂದೆ. ಅವಳ ಬೆಂಕಿಯ ಸುದ್ದಿಯನ್ನು ಅವಳಿಗಿಂತ ಮೊದಲು ಇನ್ನೊಬ್ಬರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಗುರುವಾರ ಬೆಳಿಗ್ಗೆ ಹೋಗಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಜ್ವರ, ಅತ್ತೆ, ಎರಡು ಕೆಂಡ, ಎಲ್ಲ ಹೇಳಿದೆ. ಅವಳು ಮೊರದಿಂದ ಕಣ್ಣು ಎತ್ತಲಿಲ್ಲ. ಕಲ್ಲು ಆರಿಸುತ್ತಿದ್ದ ಬೆರಳು ಅಕ್ಕಿಯನ್ನೇ ಆರಿಸಿ ಆಚೆ ಹಾಕತೊಡಗಿದವು.

“ಅಂದ್ರ ನನ್ನ ಬಾಳ್ಯಾ ಒಬ್ಬನs ಇದ್ದ,” ಎಂದಳು ಕೊನೆಗೆ.

“ಹೌದು.”

“ಎರಡು ವರ್ಷ.”

“ಹೌದು.”

“ನೀ ದಿನಾ ನನ್ನ ಮಾರಿ ನೋಡಿ ಹೌದವಾ ಹೌದವಾ ಅಂತಿದ್ದಿ. ಈಸು ಬರೋ ಮಗಾ ಜೊತಿಗಿದಾನ ಅಂತ ನಾ ನಿದ್ದಿ ಮಾಡ್ತಿದ್ದೆ.” ಅವಳ ದನಿ ಏರಲಿಲ್ಲ. “ಹಾವು ಕಡದ್ರ ನೋವು ಆಗೂದಿಲ್ಲಂತ, ನೋಡು, ಆಮ್ಯಾಲೆ ಆಗ್ತದಂತ.”

ನಾನು ಅಲ್ಲೇ ಕೂತಿದ್ದೆ. ಬೈಯಲಿ ಎಂದು ಕಾದೆ. ಅವಳು ಮೊರವನ್ನು ಕೆಳಗಿಟ್ಟು, ನನ್ನ ಮನೆಯ ಮಾಡಿನ ಮೇಲಿನ ಹೊಗೆಯನ್ನು ನೋಡಿದಳು.

“ಹಂಗಾರ ಎರಡು ವರ್ಷ ನನ್ನ ಮಗನ ಬೆಂಕಿಗೆ ನೀ ಕಟಗಿ ಹಾಕಿದಿ,” ಎಂದಳು.

ಅವಳು ಆಚೆ ಹಾಕಿದ್ದ ಅಕ್ಕಿಕಾಳುಗಳನ್ನು ನಾನು ಹೆಕ್ಕಿ ಮೊರಕ್ಕೆ ಹಾಕಿದೆ.

“ಬೂದಿ ಮುಚ್ಚಿದಿ. ಊದಿದಿ. ನಂದು ಆರಿದ್ರ ನಿಂದು ಇರ್ತಿತ್ತು.” ಅವಳು ಎದ್ದು ಸೆರಗು ಸಿಕ್ಕಿಸಿದಳು. “ಏಳು. ಅಳೂದು ಆಮ್ಯಾಲೆ. ಅಡಿವೆಪ್ಪ ಹೋದ ಹೊಸದಾಗ ನಿನ್ನ ಒಲಿಂದ ಯಾರು ಕೆಂಡ ಒಯ್ದಿದ್ರು, ನೆನಪು ಮಾಡು.”

ಆ ಮಾತು ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಹೋದ ಮರುವಾರ ಜಡಿಮಳೆ ಹಿಡಿದು ಹಲವು ಒಲೆ ಆರಿದ್ದವು. ಕೇಳಿ ಬಂದವರಿಗೆ ಕೆಂಡ ಕೊಟ್ಟಿದ್ದೆ. ಮೂರು ಮನೆ ನೆನಪಾದವು. ಒಂದು ಮನೆಯವರು ಊರು ಬಿಟ್ಟಿದ್ದರು. ಇನ್ನೊಂದು ಮನೆಯವರು ವಾರಕ್ಕೊಮ್ಮೆ ಒಲೆ ಆರಿಸಿ ಸಾರಿಸುವವರು. ಮೂರನೆಯದು ಹುಸೇನಬಿಯ ಮಂಡಕ್ಕಿ ಭಟ್ಟಿ.

ಆ ಮಳೆಯಾದ ಮೇಲೆ ಭಟ್ಟಿ ಒಮ್ಮೆಯೂ ಆರಿಲ್ಲ. ಹುಸೇನಬಿ ಮತ್ತು ಅವಳ ತಂಗಿ ಸರದಿಯ ಮೇಲೆ ಹೊಟ್ಟು ಹಾಕುತ್ತಾರೆ. ಅವರ ಮನೆಯಿಂದ ಯಾರೂ ಯುದ್ಧಕ್ಕೆ ಹೋಗಿಲ್ಲ.

ಕಾಲ್ನೀರು ಇಟ್ಟ ಮನೆಯಲ್ಲಿ ಒಂಬತ್ತು ದಿನ ಯಾರಾದರೊಬ್ಬರು ಇರಲೇಬೇಕು. ಫಕೀರವ್ವ ನನ್ನ ಅತ್ತೆಯನ್ನು ಕರೆತಂದು ತನ್ನ ಹೊಸ್ತಿಲಲ್ಲಿ ಕೂರಿಸಿದಳು.

“ಯಾರರ ಬಂದ್ರ ಏನನ್ಲಿ?” ಎಂದು ಕೇಳಿದರು ಅತ್ತೆ.

“ಕಾಲು ತೊಳಕೊ ಅನ್ನು.”

“ಯಾರ ಬಂದ್ರೂ?”

“ಯಾರ ಬಂದ್ರೂ.”

ಭಟ್ಟಿ ಇರುವುದು ಊರ ತುದಿಯಲ್ಲಿ, ಬಣ್ಣಗಾರ ಮಾದಪ್ಪನ ಅಂಗಳದ ಪಕ್ಕ. ದೂರದಿಂದಲೇ ನೋಡೋಣವೆಂದರೆ ನನಗೆ ತಲೆ ಎತ್ತುವ ಧೈರ್ಯ ಬರಲಿಲ್ಲ. ನೆಲ ನೋಡುತ್ತ ನಡೆದೆ. ಫಕೀರವ್ವ ನನ್ನ ಮೊಣಕೈ ಹಿಡಿದಿದ್ದಳು. ಹುಸೇನಬಿ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಳು. ನಾವು ಕೇಳಿದ್ದಕ್ಕೆ ಜಾಲರಿ ಕೆಳಗಿಟ್ಟು ಹಣೆ ಒರೆಸಿಕೊಂಡಳು.

“ಈ ಹೊಗಿ ಸುದ್ದಿ ಹೇಳಬ್ಯಾಡ್ರಿ ನನಗ. ಹತ್ತಿರತ್ತಿರ ನಾಕು ವರ್ಷ ಬಡಗಣಕ್ಕ ಹೋಗಿ ಮಾದಪ್ಪನ ನೂಲೆಲ್ಲಾ ಕರಿ ಮಾಡ್ತು. ದಿನಾ ಜಗಳ. ಆ ಮನಷ್ಯಾ ನನ್ನ ಭಟ್ಟಿ ಮುಚ್ಚಸ್ತೀನಿ ಅಂತ ಪಂಚಾಯ್ತಿಗೆ ಹೋಗಿದ್ದ. ಕಡೀಗೆ ಪಾಪ, ನೂಲು ಒಣಹಾಕೋ ಜಾಗಾನs ಬದಲ ಮಾಡಿದ, ಮೂಡಣ ಮೂಲಿಗೆ. ಈಗ ಎರಡು ತಿಂಗಳಾತು, ಹೊಗಿನೂ ಅಲ್ಲಿಗೇ ಹೊಳ್ಳೈತಿ. ನಾ ಬೇಕಂತ ಊದತೀನಂತ. ನೋಡ್ರಿ ಬೇಕಾದ್ರ.”

ಆಗ ನೋಡಿದೆ. ಭಟ್ಟಿಯ ದಪ್ಪ ಹೊಗೆ ಮಾಡಿನಿಂದ ಎದ್ದು, ಬಗ್ಗಿ, ಬಡಗಣ ಮತ್ತು ಮೂಡಣದ ನಡುವಿನ ಮೂಲೆಗೆ ವಾಲಿತ್ತು. ಹೊಳೆಯ ಮೇಲ್ದಂಡೆಯ ದಿಕ್ಕು. ಮಾದಪ್ಪನ ಹಳದಿ ನೂಲಿನ ಲಡಿಗಳ ಮೇಲೆ ಮಸಿ ಕೂತಿತ್ತು. ಅಷ್ಟು ಸುಂದರವಾದ ಮಸಿಯನ್ನು ನಾನು ನೋಡಿಲ್ಲ. ಫಕೀರವ್ವ ನನ್ನ ಮೊಣಕೈ ಅಲುಗಿಸಿದಳು.

“ವಾಲೈತಿ,” ಎಂದಳು. “ವಾಲೈತಿ ನೋಡು. ಅದಾನ ನಿನ್ನ ಮಗ.” ಆಮೇಲೆ ಅವಳ ಕೈ ನನ್ನ ಮೊಣಕೈಯಿಂದ ಜಾರಿತು. ಒಂದು ಗಳಿಗೆ ಅವಳು ಆ ವಾಲಿದ ಹೊಗೆಯನ್ನೇ ನೋಡುತ್ತ ನಿಂತಳು. ಅವಳಿಗೆ ಏನನಿಸಿತೆಂದು ನಾನು ಕೇಳಲಿಲ್ಲ, ಈಗಲೂ ಕೇಳಿಲ್ಲ.

ಶಾಲೆಯ ಮುಂದೆ ಲಾರಿ ನಿಂತಿತ್ತು. ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿ, ದುರ್ಬೀನಿನಲ್ಲಿ ಭಟ್ಟಿಯ ಕಡೆ ನೋಡಿ, ತಲೆ ಕೆರೆದುಕೊಂಡರು.

“ತಾಯಿ, ನೀವು ಹೇಳುವುದು ನಿಜವೇ ಇರಬಹುದು. ಆದರೆ ಆ ಭಟ್ಟಿಯಿಂದ ಯಾರೂ ದಂಡಿಗೆ ಹೋಗಿಲ್ಲ. ಹೋದವರ ಮನೆಯ ಒಲೆಯ ಹೊಗೆಯನ್ನು ಮಾತ್ರ ನಾನು ಬರೆದುಕೊಳ್ಳಬೇಕು, ಹಾಗೆಂದು ಹುಕುಂ ಇದೆ. ನಿಮ್ಮ ಮನೆಯ ಹೊಗೆ ನೆಟ್ಟಗಿದೆ.”

“ಮನಿ ಹೊಗಿನs ವಾಲಿದ್ರ?” ಎಂದಳು ಫಕೀರವ್ವ.

“ವಾಲಿದರೆ ಬರೆಯುತ್ತೇನೆ. ಗಂಟೆ ಹನ್ನೊಂದಾಗಿದೆ. ಹನ್ನೆರಡಕ್ಕೆ ಲಾರಿ ಹೊರಡುತ್ತದೆ.”

ಹುಸೇನಬಿ ಒಂದು ಬೋಗುಣಿಯ ತುಂಬ ಕೆಂಡ ಕೊಟ್ಟಳು. ಅದನ್ನು ಮನೆಗೆ ತಂದೆವು. ಒಲೆಯ ಮುಂದೆ ನಿಂತಾಗ ನನಗೆ ಕೈ ಬರಲಿಲ್ಲ. ಅಡಿವೆಪ್ಪನ ಕೆಂಡ ಹಾಕಬೇಕಾದರೆ ಒಲೆಯಲ್ಲಿದ್ದ ಬಾಳಪ್ಪನ ಬೆಂಕಿಯನ್ನು ತೆಗೆಯಬೇಕು. ನೆಟ್ಟಗೆ ನಿಂತ ಹೊಗೆಯ ಬೆಂಕಿಯನ್ನು ಒಂಬತ್ತು ದಿನ ತುಂಬುವ ಮೊದಲು ಆರಿಸಿದರೆ ಹೋದವರು ತೀರಿಕೊಂಡರು ಎಂದು ಒಪ್ಪಿದ ಹಾಗೆ, ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು.

“ಅತ್ತ ಸರಿ,” ಎಂದಳು ಫಕೀರವ್ವ. ಇಕ್ಕಳ ತೆಗೆದುಕೊಂಡು ಒಂದೊಂದೇ ಕೆಂಡವನ್ನು ಹೆಕ್ಕಿ ತನ್ನ ಮನೆಯಿಂದ ತಂದಿದ್ದ ಮಣ್ಣಿನ ಮುಚ್ಚಳದೊಳಗೆ ಹಾಕಿಕೊಂಡಳು. ಸಣ್ಣ ಚೂರನ್ನೂ ಬಿಡಲಿಲ್ಲ, ಬೂದಿ ಕೆದಕಿ ಕೆದಕಿ ತೆಗೆದಳು. ಸೆರಗಿನ ಮರೆಯಲ್ಲಿ ಅದನ್ನು ಹಿಡಿದುಕೊಂಡು ಓಣಿ ದಾಟಿ ತನ್ನ ಒಲೆಗೆ ಸೇರಿಸಿದಳು. ಎರಡು ವರ್ಷ ಎರಡಾಗಿದ್ದದ್ದು ಒಂದಾಯಿತು.

ನಾನು ಭಟ್ಟಿಯ ಕೆಂಡ ಹಾಕಿ ಊದಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಹೊರಗೆ ಫಕೀರವ್ವನ ದನಿ ಕೇಳಿತು. “ಇನ್ನ ಊದು. ಇನ್ನ. ಹಾಂ, ಬಗ್ಗಾಕತ್ತೈತಿ.” ನಾನು ಊದುತ್ತಲೇ ಇದ್ದೆ. ಲಾರಿಯ ಸದ್ದು ಶುರುವಾದದ್ದು, ಒಂದು ಗಳಿಗೆ ನಿಂತದ್ದು, ಮತ್ತೆ ಶುರುವಾಗಿ ದೂರ ಹೋದದ್ದು ಕೇಳಿತು. ಆಮೇಲೆ ಸಾಹೇಬರು ತಾವೇ ಬಂದು ಹೇಳಿ ಹೋದರು: ಹೊಳೆಯ ಮೇಲ್ದಂಡೆಯ ಪಟ್ಟಿಯಲ್ಲಿ ಕೊನೆಯ ಹೆಸರು ಅಡಿವೆಪ್ಪನದು. ಪೆನ್ಸಿಲಿನಲ್ಲಿ ಬರೆದಿದ್ದಾರೆ, ಆದರೆ ಬರೆದಿದ್ದಾರೆ.

ಕಡಲಿನಿಂದ ಬರುವವರೆಲ್ಲ ಆ ವಾರ ಬಂದರು. ಗಂಗವ್ವನ ಗಂಡನೂ ಬಂದ, ಊರ ಬಾಗಿಲವರೆಗೆ ಬಂದು ಇನ್ನೊಂದು ಓಣಿಗೆ ಹೋಗಿದ್ದನಂತೆ. ಬಾಳಪ್ಪ ಬರಲಿಲ್ಲ. ದಿನವೂ ಬೆಳಿಗ್ಗೆ ಫಕೀರವ್ವ ಕೊಡದ ನೀರಿನ ಮೇಲೆ ಬಿದ್ದ ಎಲೆ ತೆಗೆಯುತ್ತಿದ್ದಳು. ಕಡಿಮೆಯಾದಷ್ಟು ತುಂಬಿಸುತ್ತಿದ್ದಳು. ನಾನು ಅವಳ ಜೊತೆ ಹೊಸ್ತಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದೆ. ಒಂಬತ್ತನೆಯ ದಿನ ಸಂಜೆ ಅವಳು ಎದ್ದು ಕೊಡ ಎತ್ತಿಕೊಂಡಳು. ಒಲೆಗೆ ಸುರಿಯಲು ಹೋಗುತ್ತಾಳೆ ಎಂದು ನಾನೂ ಎದ್ದೆ. ಅವಳು ಒಳಗೆ ಹೋಗಲಿಲ್ಲ. ಓಣಿ ದಾಟಿ ನನ್ನ ಹೊಸ್ತಿಲಿಗೆ ಹೋಗಿ ಕೊಡವನ್ನು ಅಲ್ಲಿ ಇಟ್ಟಳು. ಅವಳೇ ಮೊದಲು ನನಗೆಂದು ತಂದಿಟ್ಟಿದ್ದ ಕೊಡವನ್ನು ನಾನು ಆಗಲೇ ಎತ್ತಿಟ್ಟಿದ್ದೆ.

“ನೀರು ಯಾಕ ಹಾಳು ಮಾಡೂದು,” ಎಂದಳು. “ನಿನ್ನ ಮಗಗ ಆಗ್ತದ.”

ಅವಳ ಒಲೆ ಇನ್ನೂ ಉರಿಯುತ್ತಿದೆ. ಊರಿನವರು ಒಂದೆರಡು ಮಾತು ಅಂದರು. ನೆಟ್ಟಗಿರುವ ಹೊಗೆಯಿಂದ ಅಡುಗೆಗೆ ಏನೂ ಅಡ್ಡಿಯಿಲ್ಲ, ಅಕ್ಕಪಕ್ಕದವರ ಬಟ್ಟೆಗೂ ಒಳ್ಳೆಯದು ಎಂದು ಅವಳು ಹೇಳಿ ಕಳಿಸಿದಳು. ಆಮೇಲೆ ಯಾರೂ ಅನ್ನಲಿಲ್ಲ.

ಲಾರಿ ಹೋದ ಹದಿನಾಲ್ಕನೆಯ ದಿನ ನನ್ನ ಹೊಗೆ ನೆಟ್ಟಗೆ ನಿಂತಿತು. ಸಂತೋಷವೋ ಭಯವೋ ಗೊತ್ತಾಗದೆ ನಾನು ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಆ ದಿನಗಳಲ್ಲಿ ಬರೆಯುವುದಿರಲಿ, ಪೆನ್ಸಿಲು ಹಿಡಿಯಲೂ ಆಗಲಿಲ್ಲ. ಫಕೀರವ್ವ ಬೆಳಿಗ್ಗೆ ಬಂದವಳು ಸಂಜೆಯವರೆಗೂ ಇರುತ್ತಿದ್ದಳು. ಅತ್ತೆಗೆ ಅವಳೇ ಉಣಿಸುತ್ತಿದ್ದಳು. “ದಿನಾ ಎಣಸಬ್ಯಾಡ,” ಎಂದು ನನಗೆ ಹೇಳುತ್ತಿದ್ದಳು, “ಎಣಸಿದ್ರ ಬರೋರು ಬರಂಗಿಲ್ಲ, ಎಣಸದಿದ್ರ ಹೋಗೋರು ನಿಲ್ಲಂಗಿಲ್ಲ.”

ಐದನೆಯ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತು. ನಾನು ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಯಾರಿಗೋ ಗದರುವುದು ಕೇಳಿತು.

“ಯಾರಾದ್ರೇನು, ಮೊದಲ ಕಾಲು ತೊಳಕೊ.”

ನಾನು ಬೂದಿಯ ಕೈಯಲ್ಲೇ ಓಡಿ ಬಂದೆ. ಅಡಿವೆಪ್ಪ ನಿಂತಿದ್ದ. ಇನ್ನೊಬ್ಬರ ಕೋಟು ಹಾಕಿಕೊಂಡಿದ್ದ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಸುತ್ತಿದ ಬಟ್ಟೆ. ಹುಬ್ಬಿನ ಮೇಲೆ ಧೂಳು. ಲಾರಿ ಬರುವವರೆಗೂ ಒಂದು ಸೇತುವೆ ಕಾಯುತ್ತಿದ್ದರಂತೆ, ಯಾರಿಂದ ಕಾಯುತ್ತಿದ್ದೇವೆಂದು ತಿಳಿದಿರಲಿಲ್ಲವಂತೆ. ಅದೆಲ್ಲ ಆಮೇಲೆ ಹೇಳಿದ್ದು. ಆಗ ನನ್ನನ್ನು ನೋಡಿ, ಫಕೀರವ್ವನನ್ನು ನೋಡಿ, ಎದುರು ಮನೆಯ ಹೊಗೆ ನೋಡಿ, “ಬಾಳ್ಯಾನೂ ಬರಾಕತ್ತಾನೇನು, ಫಕೀರತ್ತಿ?” ಎಂದು ಕೇಳಿದ. ಅವನಿಗೆ ಏನು ಗೊತ್ತು?

ಫಕೀರವ್ವ ಹೊಸ್ತಿಲಿಗೆ ಬಂದಳು. “ಕಾಲು ಮುಂದ ಚಾಚು,” ಎಂದಳು. ಬಗ್ಗಿ ಕೊಡ ಎತ್ತಿದಳು. ಕಾಲಿಗೆ ಸುತ್ತಿದ ಬಟ್ಟೆಯನ್ನು ಒಂದು ಕೈಯಲ್ಲಿ ಬಿಚ್ಚಿದಳು. ತಾನು ಒಂಬತ್ತು ದಿನ ಎಲೆ ತೆಗೆದು ಕಾಯ್ದ ನೀರನ್ನು ನನ್ನ ಮಗನ ಕಾಲಿನ ಮೇಲೆ, ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ, ಒಂದು ಹನಿ ಆಚೆ ಬೀಳದ ಹಾಗೆ ಸುರಿದಳು. ಅವನು ಸಾಕು ಅತ್ತಿ ಎಂದ. ನಾನೂ ಸಾಕು ಎಂದೆ. ನೀರು ಮುಗಿದು ಎಷ್ಟೋ ಹೊತ್ತಾದ ಮೇಲೂ ಅವಳು ಕೊಡವನ್ನು ಬಗ್ಗಿಸಿಯೇ ಹಿಡಿದಿದ್ದಳು.